ಅತ್ತೆಯ ಥಂಡಿ ಸಿದ್ಧಾಂತ

ಹೊನ್ನಾಳಿಗೆ ಚಳಿಗಾಲ ಬರಬೇಕಾದರೆ ನಮ್ಮ ಸೋದರತ್ತೆಯ ಅಪ್ಪಣೆ ಬೇಕು. ನಗಬೇಡಿ! ಪಂಚಾಂಗ ಏನಾದರೂ ಹೇಳಿಕೊಳ್ಳಲಿ; ದೀಪಾವಳಿ ಕಳೆದ ಒಂದು ಮುಂಜಾನೆ ಅತ್ತೆ ಅಂಗಳಕ್ಕೆ ಬಂದು, ಮೂಗೆತ್ತಿ ಗಾಳಿ ಮೂಸಿ, "ಬಂತು" ಎಂದರೆ ಬಂತು. ಅಲ್ಲಿಂದ ಶಿವರಾತ್ರಿಯವರೆಗೆ ನಮ್ಮ ಓಣಿಯ ಯಾವ ಮಗುವಿಗೂ ಸ್ವಂತ ಕಿವಿ ಇರುತ್ತಿರಲಿಲ್ಲ. ಎಲ್ಲವೂ ಉಣ್ಣೆಯೊಳಗೆ ಜಪ್ತಿ!

ಅತ್ತೆಯ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ. ಅವಳ ಕೈಗೆ ಮೊದಲು ಸಿಗುತ್ತಿದ್ದವಳು ನಾನು. ನನಗೋ ಆಗಲೇ ಚರ್ಚಾಸ್ಪರ್ಧೆಯ ಹುಚ್ಚು. ಹಾಲು ಬೆಳ್ಳಗಿದೆ ಎಂದು ಯಾರಾದರೂ ಅಂದರೆ "ಆಧಾರ?" ಎಂದು ಕೇಳುವಂಥ ಅಸಹ್ಯ ಮಗು ನಾನು. ಇಂಥ ಇಬ್ಬರನ್ನು ದೇವರು ಅಕ್ಕಪಕ್ಕ ಇಟ್ಟನಲ್ಲ, ಅವನಿಗೆ ಬೇಸರ ಕಳೆಯಲು ಬೇರೆ ದಾರಿ ಇರಲಿಲ್ಲವೇ? (ದೇವರನ್ನು ನಾನು ನಂಬುವುದಿಲ್ಲ. ಆದರೆ ದೂರಲು ಯಾರಾದರೂ ಬೇಕಲ್ಲ!)

ಅತ್ತೆಯ ಸಿದ್ಧಾಂತದ ಬೇರು ಒಂದೇ ಶಬ್ದ: ಥಂಡಿ. ಅದನ್ನು ಚಳಿ ಎಂದು ತಿಳಿದರೆ ನೀವು ಕೆಟ್ಟಿರಿ.

"ಚಳಿ ಬ್ಯಾರೆ, ಥಂಡಿ ಬ್ಯಾರೆ ಕಣೆ. ಚಳಿ ಮೈ ಮ್ಯಾಲೆ ಬಂದು ಹೋಗತೈತೆ, ನೆಂಟ್ರು ಇದ್ದಂಗೆ. ಥಂಡಿ ಒಳಗೆ ಹೋಗಿ ಕುಂತ್ಕೊಂತೈತೆ, ನಿಮ್ಮ ಮಾವ ಇದ್ದಂಗೆ."

ಮಾವ ಪೇಪರಿನ ಹಾಳೆ ತಿರುವಿದರು. ಮಫ್ಲರಿನೊಳಗೆ ಅವರಿಗೆ ಅದು ಕೇಳಿಸಿರಲೂ ಇಲ್ಲ.

ಸೀಬೆಹಣ್ಣು ಥಂಡಿ, ಮೊಸರು ಥಂಡಿ, ಕಡಪ ಕಲ್ಲಿನ ನೆಲ ಥಂಡಿ, ಬೆಳದಿಂಗಳು ಥಂಡಿ. ನಮ್ಮ ಶಾಲೆಯ ಒಬ್ಬ ಮೇಷ್ಟ್ರು ಮೆಲ್ಲಗೆ ಮಾತಾಡುತ್ತಿದ್ದ ಕಾರಣಕ್ಕೆ ಅವರೂ ಥಂಡಿ. ಬಾಳೆಕಾಯಿ ಥಂಡಿ, ಆದರೆ ಬಾಳೆಕಾಯಿ ಬಜ್ಜಿ ಉಷ್ಣ! ವಿರೋಧಾಭಾಸ ಸಿಕ್ಕಿತೆಂದು ನಾನು ಎಗರಿ ಬಿದ್ದೆ.

"ಕಾದ ಎಣ್ಣೆ ಒಳಗೆ ಬಿದ್ದ ಮ್ಯಾಲೂ ಥಂಡಿಯಾಗೇ ಇರಾಕೆ ಅದಕ್ಕೇನು ತಲೆ ಕೆಟ್ಟೈತಾ?" ಎಂದಳು ಅತ್ತೆ. ಇದಕ್ಕೆ ನೀವಾದರೂ ಉತ್ತರ ಕೊಡಿ ನೋಡೋಣ!

ಚಳಿಗಾಲದ ನಮ್ಮ ಸಂಸತ್ತು ಕೂಡುತ್ತಿದ್ದದ್ದು ಬಚ್ಚಲ ಒಲೆಯ ಮುಂದೆ. ಹೊಳೆ ಕಡೆಯಿಂದ ಮಂಜು ಎದ್ದು ಓಣಿಯನ್ನೇ ನುಂಗಿರುತ್ತಿತ್ತು. ಹಂಡೆಯ ನೀರು ಕಾಯುವವರೆಗೆ ನಾವು ಮಕ್ಕಳು ಒಡೆದ ತುಟಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಬಾಯಿಂದ ಹೊಗೆ ಬಿಟ್ಟು ಬೀಡಿ ಸೇದುವ ಆಟ ಆಡುತ್ತಿದ್ದೆವು. ವಿಜ್ಞಾನದ ಪಾಠದಲ್ಲಿ ವೈರಸ್ ಬಂದ ಮರುದಿನ ನಾನು ಅಲ್ಲೇ ಎದ್ದು ನಿಂತು, ಹಂಡೆಯನ್ನು ಸಭಾಧ್ಯಕ್ಷರೆಂದು ಸಂಬೋಧಿಸಿ, ನೆಗಡಿಗೆ ಕಾರಣ ಥಂಡಿಯಲ್ಲ, ವೈರಸ್ ಎಂದು ಮಂಡಿಸಿದೆ.

ಅತ್ತೆ ಒಲೆಗೆ ತೆಂಗಿನ ಗರಿ ತುರುಕುತ್ತಾ ಕೇಳಿದಳು: "ಆ ನಿನ್ನ ವೈರಸ್ಸು ಎಲ್ಲಿರತೈತೆ?"

"ಎಲ್ಲಾ ಕಡೆ. ಗಾಳಿಯಲ್ಲಿ."

"ಈ ಚಳೀಲಿ, ಪಾಪ, ಹೊರಗಾ?"

"ಹೂಂ."

"ಹಂಗಾದ್ರೆ ಬೆಚ್ಚಗಿರೋ ಜಾಗ ಹುಡುಕಲ್ವೇನೆ ಅದು? ನೀನು ಎರಡೂ ಕಿವಿ ಬಾಗಿಲು ತಕ್ಕೊಂಡು ಕುಂತೀಯ. ಬರ‍್ರೀ ಒಳಗೆ ಅಂದಂಗಾತು!"

ಸಭೆ ಬಿದ್ದು ಬಿದ್ದು ನಕ್ಕಿತು. ಸಭಾಧ್ಯಕ್ಷರೂ ಕುದಿಯತೊಡಗಿದರು. ನನ್ನ ತಲೆಗೆ ಸ್ಕಾರ್ಫ್ ಬಂತು.

ಪ್ರಯೋಗದಿಂದಲೇ ಸಾಧಿಸುತ್ತೇನೆಂದು ಪಣ ತೊಟ್ಟೆ. ಹೈಸ್ಕೂಲಿನಲ್ಲಿದ್ದಾಗ, ದಾವಣಗೆರೆಯ ಚರ್ಚಾಸ್ಪರ್ಧೆಗೆ ಮುಂಚಿನ ದಿನ, ಬೆಳಗಿನ ಮಂಜಿನಲ್ಲಿ ಸ್ಕಾರ್ಫ್ ಬಿಚ್ಚಿ ಹೊಳೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತು ಬಂದೆ. ಮರುದಿನ ವೇದಿಕೆಯಲ್ಲಿ ಬಾಯಿ ತೆರೆದರೆ ಹಳೇ ಬಾಗಿಲು ಕಿರುಗುಟ್ಟಿದ ಸದ್ದು! ವಿಷಯ ಬೇರೆ "ವೈಜ್ಞಾನಿಕ ಮನೋಭಾವ ಇಂದಿನ ಅಗತ್ಯ". ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂಬ ಅಮೋಘ ವಾದವನ್ನು ನಾನು ಮಂಡಿಸಿದೆ. ಮುಂದಿನ ಸಾಲಿಗೂ ಕೇಳಿಸಲಿಲ್ಲ. ಎದುರಾಳಿ ಜಗಳೂರಿನ ಹುಡುಗ. ಎದ್ದು ನಿಂತು ಕೈಮುಗಿದು, "ನನ್ನ ಗೌರವಾನ್ವಿತ ಪ್ರತಿಸ್ಪರ್ಧಿ ಮೊದಲು ಕಷಾಯ ಕುಡಿದು ಬರಲಿ, ಆಮೇಲೆ ವಿಜ್ಞಾನ ನೋಡೋಣ" ಎಂದ. ಸಭಾಂಗಣವೇ ಚಪ್ಪಾಳೆ ಹೊಡೆಯಿತು.

ಮನೆಗೆ ಬಂದು ಅತ್ತೆಯ ಮುಂದೆ ಅತ್ತೆ. (ಈ ವಾಕ್ಯದಲ್ಲಿ ಅತ್ತವಳು ನಾನು.) ಸಮಾಧಾನ ಮಾಡುತ್ತಾಳೆಂದು ಕಾದರೆ, ಕಾಳುಮೆಣಸು ಕುಟ್ಟುತ್ತಾ ಅಂದಳು: "ಯಾವೂರ ಹುಡುಗ ಅಂದೆ? ಜಗಳೂರಾ? ಚಲೋ ಓದ್ಕಂಡಾನೆ ಬಿಡು."

ಆಮೇಲೆ ನಾನು ಎಷ್ಟೋ ಸ್ಪರ್ಧೆ ಗೆದ್ದೆ. ಈಗ ಶಿವಮೊಗ್ಗದಲ್ಲಿ ಕಾನೂನು ಓದುತ್ತೇನೆ, ಅಂದರೆ ಜಗಳವನ್ನೇ ವೃತ್ತಿ ಮಾಡಿಕೊಳ್ಳುವ ಹಾದಿಯಲ್ಲಿದ್ದೇನೆ. ಆದರೆ ನನಗೆ ನಿಜಕ್ಕೂ ಬೇಕಿದ್ದ ಗೆಲುವು ಒಂದೇ: ಅತ್ತೆ ಒಮ್ಮೆ, ಒಂದೇ ಒಂದು ಸಲ, "ನೀ ಹೇಳಿದ್ದೇ ಸರಿ" ಅನ್ನಬೇಕು.

ಹೋದ ಚಳಿಗಾಲ ಅಂದಳು.

ಅತ್ತೆ ಜ್ವರ ಎದೆಗಿಳಿದು ಆಸ್ಪತ್ರೆ ಸೇರಿ ಬಂದಿದ್ದಳು. ನೋಡಲು ಹೋದಾಗ ಬೆಳಗಿನ ಹೊತ್ತು. ಕಟ್ಟೆಯ ಮೇಲೆ ಬರಿ ತಲೆಯಲ್ಲಿ ಕೂತಿದ್ದಳು. ಅವಳ ಕಿವಿಯನ್ನು ಚಳಿಗಾಲದಲ್ಲಿ ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣ ಕಿವಿಗಳು!

"ಇನ್‌ಫೆಕ್ಷನ್ ಅಂತೆ ಕಣವ್ವ. ಡಾಕ್ಟ್ರು ಹೇಳಿದ್ರು, ಥಂಡಿಗಿಂಡಿ ಎಲ್ಲಾ ಸುಳ್ಳಂತೆ. ನೀ ಹೇಳಿದ್ದೇ ಸರಿ. ಇಷ್ಟು ವರ್ಷ ನಿಮ್ಮನ್ನೆಲ್ಲ ಸುಮ್ನೆ ಗೋಳು ಹೊಯ್ಕಂಡೆ."

ಗೆದ್ದೆ! ಆದರೆ ಚಪ್ಪಾಳೆ ಹೊಡೆಯಲು ನನಗೇ ಮನಸ್ಸಾಗಲಿಲ್ಲ.

ಮಾವ ನನ್ನನ್ನು ಬಾಗಿಲ ಮರೆಗೆ ಕರೆದರು. "ಆಸ್ಪತ್ರೆಯಿಂದ ಬಂದಾಗಿಂದ ಯಾರಿಗೂ ಏನೂ ಅಂತಿಲ್ಲಮ್ಮ. ನಾನು ಬೇಕಂತಲೇ ಬರಿ ತಲೇಲಿ ಅವಳ ಮುಂದೆ ಅಡ್ಡಾಡಿದೆ. ನೋಡಿದ್ಲು, ಸುಮ್ನಾದ್ಲು."

ಚರ್ಚಾಪಟುವಿಗೆ ಎರಡೂ ಕಡೆಯಿಂದ ವಾದಿಸುವುದನ್ನು ಕಲಿಸಿರುತ್ತಾರೆ. ನಾನು ಕಟ್ಟೆಗೆ ವಾಪಸು ಬಂದೆ.

"ಅತ್ತೆ, ಡಾಕ್ಟ್ರ ಮಾತು ನಾನು ಒಪ್ಪಲ್ಲ. ಥಂಡಿ ಇದೆ."

ಅತ್ತೆ ಅಂಗಳವನ್ನೇ ನೋಡುತ್ತಿದ್ದಳು.

"ಇದೆ. ಅದು ಮೊದಲು ಮೂಗಿನಿಂದ ಒಳಗೆ ಹೋಗುತ್ತೆ."

"ಮೂಗಿನಿಂದಾ?" ಕತ್ತು ನಿಧಾನವಾಗಿ ನನ್ನ ಕಡೆ ತಿರುಗಿತು.

"ಹೂಂ. ಮೂಗಿನಿಂದ ಹೊಕ್ಕು, ಮೊಣಕಾಲಲ್ಲಿ ಕೂರುತ್ತೆ."

"ಮೊಣಕಾಲಾಗಾ! ಯಾರೇ ಹೇಳಿದ್ದು ನಿನಗೆ? ಮೂಗಿನಾಗೆ ಬಿಸಿ ಉಸಿರು ಓಡಾಡತೈತೆ, ಅಲ್ಲಿ ಥಂಡಿ ಹೆಂಗೆ ನುಗ್ಗತೈತೆ? ಇದನ್ನೇನಾ ನಿನಗೆ ಕಾನೂನು ಕಾಲೇಜ್ನಾಗೆ ಕಲಿಸಿದ್ದು?"

"ಆಧಾರ ಕೊಡು."

"ಆಧಾರ ಬೇಕಾ? ಕುಂತ್ಕ, ಕೊಡ್ತೀನಿ!"

ಕೊಟ್ಟಳು. ಅಂಗಾಲಿನಿಂದ ನೆತ್ತಿಯವರೆಗೆ ಥಂಡಿಯ ಎಲ್ಲ ಹಾದಿಗಳನ್ನೂ ಬಿಡಿಸಿ, ನಡುವೆ ಕೆಮ್ಮಿ, ಮತ್ತೆ ಮುಂದುವರಿಸಿ, ನನ್ನ ವಾದವನ್ನು ಪುಡಿಪುಡಿ ಮಾಡಿದಳು. ನಾನು ಮೂಗಿಗೇ ಅಂಟಿಕೊಂಡು ನಿಂತು, ಜೀವಮಾನದ ಅತ್ಯಂತ ಕೆಟ್ಟ ವಾದ ಮಾಡುತ್ತಾ, ಕಣ್ಣು ಒರೆಸಿಕೊಳ್ಳದಿರಲು ಒದ್ದಾಡುತ್ತಿದ್ದೆ.

ಅಷ್ಟರಲ್ಲಿ ಮಾವ ಹಾಲಿನ ಪಾತ್ರೆ ಹಿಡಿದು, ಬರಿ ತಲೆಯಲ್ಲಿ, ನಮ್ಮ ಮುಂದೆಯೇ ಅಂಗಳಕ್ಕಿಳಿದರು.

"ರೀ! ಕಿವಿ ಬಿಟ್ಕಂಡು ಎಲ್ಲಿಗ್ರೀ?"

ಮಾವನ ಹೆಜ್ಜೆ ನಿಂತಿತು. ಆದರೆ ತಿರುಗಲಿಲ್ಲ. ಕೇಳಿಸದವರಂತೆ ನಿಧಾನವಾಗಿ ಗೇಟಿನ ಕಡೆ ನಡೆದರು, ಇನ್ನೊಂದು ಸಲ ಕೂಗಲಿ ಎಂದು.