ಕುದುರೆ ಬದಲಾಯಿಸಿದ ಜಾಗ

ಹ್ಯಾಗ್‌ಬೆಕ್ ಪೇಟೆಯ ಗುಡ್ಡದ ಮೇಲಿನ ಬಸ್ ನಿಲ್ದಾಣವನ್ನು ಮಂಗಳವಾರ ಕೆಡವಿ, ಅರ್ಧ ಮೈಲು ಕೆಳಗೆ ರೈಲ್ವೆ ಸ್ಟೇಷನ್ನಿನ ಬಳಿಗೆ ಒಯ್ಯುವುದಾಗಿ ಪುರಸಭೆ ಒಂದು ಚೀಟಿ ಅಂಟಿಸಿತು. ಅದನ್ನೋದಿ ಊರಲ್ಲಿ ಹೆಚ್ಚು ಕೆರಳಿದ್ದು ಕ್ಲಿಫರ್ಡ್ ಓಲ್ಡ್‌ರಾಯ್ಡ್‌ನ ಎಡಮಂಡಿ. ಇಳಿಜಾರು ಕಂಡರೆ ಅದು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ನಿಲ್ದಾಣ ಹೋದರೆ ಅವನು ಮನೆಯಲ್ಲೇ ಕೈದಿ.

ಮಂಗಳವಾರ ಎಂಟಕ್ಕೇ ಬಂದು ಅಲ್ಲಿನ ಕಲ್ಲುಬೆಂಚಿನ ಮುಂದೆ ಕೊಡೆ ಊರಿ ನಿಂತ.

"ಕೆಡವೋದಾದ್ರೆ ನನ್ನೂ ಸೇರಿಸಿ ಕೆಡವ್ಲಿ!"

ಪಕ್ಕದ ಮನೆಯ ಮಿಸೆಸ್ ಪಾರ್ಕಿನ್ ಫ್ಲಾಸ್ಕಿನಲ್ಲಿ ಚಹಾ ತಂದಳು. "ಬರೀ ಹಟ ಸಾಲ್ದು ಚಿನ್ನಾ, ಇತಿಹಾಸ ಬೇಕು. ಹಿಂದೆ ಇಲ್ಲಿ ಕುದುರೆಗಾಡಿ ನಿಲ್ತಿತ್ತಲ್ವಾ?"

"ಈ ಗುಡ್ಡ ಹತ್ತಿದ ಕುದುರೆ ನಿಲ್ದೆ ಇನ್ನೇನ್ ಮಾಡುತ್ತೆ?"

"ಹಾಗಾದ್ರೆ ಗಾಡೀಲಿ ಒಬ್ಳು ರಾಣಿ ಇದ್ದಿರ್ಬೇಕು."

"ಯಾವ ರಾಣಿ?"

"ಅದನ್ನೆಲ್ಲ ಪುರಸಭೆಯವರು ಕೇಳಲ್ಲ. ರಾಣಿ ಅಂದ್ರೆ ಸಾಕು, ಕರಗಿ ಹೋಗ್ತಾರೆ."

ಅಷ್ಟರಲ್ಲಿ ಕ್ಲಿಫರ್ಡ್‌ನ ಬೆನ್ನ ಹಿಂದೆ ಯಾರೋ ಒಬ್ಬ ಪೇಪರು ಬಿಡಿಸಿ ಓದುತ್ತ ನಿಂತ. ಅವನ ಹಿಂದೆ ಇಬ್ಬರು ಹೆಂಗಸರು.

"ಏನಕ್ಕೆ ಕ್ಯೂ ಇದು?"

"ಗೊತ್ತಿಲ್ಲಮ್ಮ. ಜನ ನಿಂತವ್ರೆ ಅಂದ್ಮೇಲೆ ಏನೋ ಒಳ್ಳೇದೇ ಇರ್ಬೇಕು."

ಹತ್ತು ಗಂಟೆಗೆ ಸಾಲು ಮಾಂಸದಂಗಡಿ ದಾಟಿ ಇಗರ್ಜಿಯ ಮೂಲೆಗೆ ತಿರುಗಿತ್ತು. "ಇದು ಪ್ರತಿಭಟನೆ ಕಣ್ರೀ!" ಎಂದು ಕ್ಲಿಫರ್ಡ್ ಕೂಗಿದ.

"ಆಗ್ಲಿ ಸ್ವಾಮಿ," ಎಂದ ಪೇಪರಿನವನು. "ನಿಮ್ಮ ಹಿಂದೆ ನಾನೇ. ನೆನಪಿರ್ಲಿ."

ಹತ್ತೂವರೆಗೆ ಅಳತೆಪಟ್ಟಿ ಹಿಡಿದು ಪುರಸಭೆಯ ಅಧಿಕಾರಿ ಮಿಸ್ ಟ್ವೀಡಿ ಬಂದಳು. ಸಾಲು ನೋಡಿ ಅವಳ ಮುಖ ನೆನೆದ ರೊಟ್ಟಿಯಾಯಿತು. "ಇಷ್ಟೊಂದು ಜನರ ವಿರೋಧವಾ?"

ಇಲ್ಲವೆಂದರೆ ಎಲ್ಲಿ ಸರದಿ ತಪ್ಪೀತೋ ಎಂದು ಯಾರೂ ತುಟಿ ಬಿಚ್ಚಲಿಲ್ಲ.

"ಗಾಡಿಯ ದಣಿದ ಕುದುರೆ ಬದಲಾಯ್ಸೋವರ್ಗೂ ರಾಣಿ ಕೂತಿದ್ದು ಇದೇ ಬೆಂಚಿನ ಮೇಲೆ, ಮೇಡಂ," ಎಂದಳು ಮಿಸೆಸ್ ಪಾರ್ಕಿನ್, ಕಣ್ಣೊರೆಸಿಕೊಳ್ಳುತ್ತ.

ಟ್ವೀಡಿ ಕಲ್ಲನ್ನು ಮೆಲ್ಲಗೆ ಸವರಿದಳು. ದೂರ ಹೋಗಿ ಮೇಲಿನವರಿಗೆ ಫೋನು ಮಾಡಿದಳು. ನಗುತ್ತ ಬಂದಳು.

"ಗೆದ್ಬಿಟ್ರಿ ಓಲ್ಡ್‌ರಾಯ್ಡ್ ಅವ್ರೇ! ಇವತ್ತಿಂದ ಇದು ಸಂರಕ್ಷಿತ ಜಾಗ. ಒಂದು ಕಲ್ಲನ್ನೂ ಯಾರೂ ಮುಟ್ಟಂಗಿಲ್ಲ."

ಕ್ಲಿಫರ್ಡ್ ಕೊಡೆಯನ್ನು ಕತ್ತಿಯಂತೆ ಎತ್ತಿದ. "ಬರ್ಲಿ ಹಾಗಾದ್ರೆ ಹನ್ನೊಂದರ ಬಸ್ಸು!"

"ಇಲ್ಲಿಗಾ? ಬಸ್ಸಿನ ಅದುರಾಟಕ್ಕೆ ರಾಣಿ ಬೆಂಚು ಬಿರುಕು ಬಿಟ್ರೆ? ಇನ್ಮೇಲೆ ಬಸ್ಸು ಈ ಕಡೆ ಸುಳಿಯೋದೇ ಇಲ್ಲ. ಸ್ಟೇಷನ್ ಹತ್ರಾನೇ ಹತ್ಕೊಳ್ಳಿ. ಹಾಂ, ದಯವಿಟ್ಟು ಬೆಂಚಿನ ಮೇಲೆ ಕೂರ್ಬೇಡಿ."

ಕ್ಲಿಫರ್ಡ್ ಕೂರಲಿಲ್ಲ. "ಹತ್ತಲ್ಲ ಅಂದ್ಕೊಂಡ್ರಾ? ಹತ್ತೇ ಹತ್ತೀನಿ!" ಎಂದು ಎದೆ ಸೆಟೆಸಿ ಇಳಿಜಾರಿಗೆ ತಿರುಗಿದ. ಒಂದು ಹೆಜ್ಜೆ, ಒಂದು ಕಿರುಗು. ಹಿಂದೆ ಇಡೀ ಸಾಲು ಅದೇ ಸರದಿಯಲ್ಲಿ ಕದಲಿತು.

"ನೀವ್ ಮುಂದೆ ಹೋಗ್ರಪ್ಪಾ, ಆ ಬಸ್ಸನ್ನ ಹಿಡಿದು ನಿಲ್ಸಿ!" ಎಂದ ಕ್ಲಿಫರ್ಡ್.

"ಎಲ್ಲಾದ್ರೂ ಉಂಟೇ?" ಪೇಪರಿನವನಿಗೆ ನಿಜಕ್ಕೂ ಆಘಾತವಾಗಿತ್ತು. "ಮೊದಲು ನಿಂತವ್ರು ನೀವು."

ಹನ್ನೊಂದರ ಬಸ್ಸು ಸ್ಟೇಷನ್ನಿನಿಂದ ಖಾಲಿಯೇ ಹೊರಟಿತು.