ವಿಮೆಗೆ ಒಳಪಡದ ದವಡೆಹಲ್ಲಿಗೆ

ನಮ್ಮ ಅಕ್ಕನ ಮಗಳು ಶಿವಾನಿಯ ಬಾಯಲ್ಲಿ, ಬಲಗಡೆ ಕೆಳಸಾಲಿನಲ್ಲಿ ವಾಸವಾಗಿರುವ ದವಡೆಹಲ್ಲಿನವರ ಸನ್ನಿಧಿಗೆ, ತಾಯಲೂರಿನಿಂದ ಆಕೆಯ ಚಿಕ್ಕಮ್ಮ ಮಾಡುವ ನಮಸ್ಕಾರಗಳು.

ಮಾನ್ಯರೇ,

ಇಂದು ಬೆಳಿಗ್ಗೆ ಶಿವಾನಿ ತನ್ನ ಪಾಲಿನ ಹುರಿದ ಕಡಲೇಕಾಯಿಬೀಜವನ್ನೆಲ್ಲ ಕೋಳಿಗಳಿಗೆ ಹಾಕುತ್ತಿದ್ದುದನ್ನು ಕಂಡೆ. ನೋವಿಲ್ಲದ ಎಡಗಡೆಯಲ್ಲಿ ಅಗಿಯುವುದನ್ನೂ ಆಕೆ ಬಿಟ್ಟಿದ್ದಾಳೆಂದು ಆಗ ತಿಳಿಯಿತು. ನಮ್ಮ ಕೋಳಿಗಳ ಪೋಷಣೆಗೆ ತಾವು ಸಲ್ಲಿಸುತ್ತಿರುವ ಸೇವೆಗೆ ಅಭಿನಂದನೆಗಳು.

ತಾವು ಇಷ್ಟು ದಿನ ಗುಟ್ಟಾಗಿ ಹುಳುಕಾದ ಜಾಣ್ಮೆಯನ್ನೂ ಮೆಚ್ಚಲೇಬೇಕು. ನಮ್ಮ ಮನೆಯಲ್ಲಿ ಎರಡು ಹೊತ್ತೂ ಮುದ್ದೆ, ಮುದ್ದೆಯನ್ನು ನುಂಗಬೇಕು, ಅಗಿದವರಿಗೆ "ಅದೇನು ಚಕ್ಲೀನಾ?" ಎಂಬ ಬೈಗುಳ. ಹೀಗಾಗಿ ಮಗುವಿಗೆ ಅಗಿಯಲಾಗುತ್ತಿಲ್ಲವೆಂಬುದು ಯಾರಿಗೂ ಗೊತ್ತಾಗಲಿಲ್ಲ. ನೋವೆಂದು ಅತ್ತಾಗಲೂ ನಮ್ಮಮ್ಮ ಮುನಿಯಲ್ಲಮ್ಮ, "ಹಾಲುಹಲ್ಲು ಕಣೇ, ತಾನೇ ಬಿದ್ದೋಗ್ತದೆ. ಸಗಣೀಲಿ ಸುತ್ತಿ ಮಾಡಿನ ಮೇಲೆ ಎಸೆದ್ರಾಯ್ತು" ಎಂದರು. ತಾವು ಆರನೇ ವಯಸ್ಸಿನಲ್ಲಿ ಯಾವ ಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಬಂದ ಶಾಶ್ವತ ಹಲ್ಲೆಂದು ಆಗಲಾದರೂ ಒಂದು ಮಾತು ಹೇಳಬಹುದಿತ್ತು.

ಹೋದ ವಾರ ಅಮ್ಮ ಮುಂದೆ, ಶಿವಾನಿಯೂ ನಾನೂ ಅವರ ಹಿಂದೆ, ಸರ್ಕಾರಿ ವಿಮೆಯ ಕಾರ್ಡು ಹಿಡಿದು ಕೋಲಾರದ ಆಸ್ಪತ್ರೆಯೊಂದಕ್ಕೆ ಹೋದೆವು. ಇದು ಶಾಶ್ವತ ಹಲ್ಲು, ಈಗಲೇ ಹುಳುಕು ತೆಗೆದು ತುಂಬಿಸಿದರೆ ಉಳಿಯುತ್ತದೆ, ತಡವಾದರೆ ಕೀಳಬೇಕು ಎಂದರು ಡಾಕ್ಟರು. ವಿಮೆ ಕೌಂಟರಿನ ಮುರಳಿಮೋಹನ್ ಅವರು ಕಾರ್ಡನ್ನು ಎರಡೂ ಕಡೆ ತಿರುಗಿಸಿ, "ಅಡ್ಮಿಟ್ ಆದ್ರೆ ಮಾತ್ರ ಬರುತ್ತಮ್ಮ. ಹಲ್ಲು ತುಂಬ್ಸೋಕೆ ಯಾರು ಅಡ್ಮಿಟ್ ಮಾಡ್ಕೊಂತಾರೆ? ದವಡೆ ಮುರಿದಿದ್ರೆ ಹೇಳಿ, ಇವತ್ತೇ ಮಾಡಿಸಿಕೊಡ್ತೀನಿ" ಎಂದು ಸಮಾಧಾನ ಹೇಳಿದರು. ಕೈಯಿಂದ ಕಟ್ಟಲು ದುಡ್ಡಿಲ್ಲದೆ ತಮ್ಮನ್ನು ಹಾಗೇ ವಾಪಸು ಕರೆತಂದೆವು.

ಇಷ್ಟು ಉದಾರವಾದ ಯೋಜನೆ ಇರುವಾಗ ತಾವೊಬ್ಬರೇ ಚಿಕ್ಕದಾಗಿ ಹುಳುಕಾಗಿ ಕೂತಿರುವುದು ಸರಿಯೇ? ದಯವಿಟ್ಟು ನಿಯಮಾನುಸಾರ ಊದಿಕೊಂಡು ಇಡೀ ದವಡೆಯನ್ನು ಜೊತೆಗೆ ಕೆಡಿಸಿಕೊಳ್ಳಿ. ಅದು ಆಗದಿದ್ದರೆ, ಶಿವಾನಿಗೆ ಪರೀಕ್ಷೆ ಹತ್ತಿರವಿರುವುದರಿಂದ, ತಾವು ಒಬ್ಬರೇ ಹೋಗಿ ಅಡ್ಮಿಟ್ ಆಗಿ. ತಲೆದಿಂಬಿನ ಸಮೇತ ಮಂಚ ಸಿಗುತ್ತದೆ, ಗಂಜಿ ನಾವು ತಂದುಕೊಡುತ್ತೇವೆ. ಅದೂ ಆಗದಿದ್ದರೆ, ಕಚೇರಿಯ ವೇಳೆಯಲ್ಲಿ ಮಾತ್ರ ನೋಯುವ ಕೃಪೆ ಮಾಡಿ.

ಉತ್ತರದ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿ,
ಅನಿತ

ತಾ.ಕ.: ಸೋಮವಾರ ಶಿವಾನಿಯನ್ನು ನಾನೇ ಮತ್ತೆ ಕರೆದೊಯ್ಯುತ್ತೇನೆ. ಈ ಸಲ ಅಮ್ಮನ ಬೆನ್ನ ಹಿಂದೆ ನಿಲ್ಲುವುದಿಲ್ಲ. ತಮ್ಮನ್ನು ತುಂಬಿಸುವವರೆಗೂ, ಇಲ್ಲವೇ ಮಂಚ ಕೊಟ್ಟು ಮಲಗಿಸುವವರೆಗೂ, ಕೌಂಟರಿನ ಮುಂದೆ ನಿಂತು ಈ ಪತ್ರವನ್ನು ಗಟ್ಟಿಯಾಗಿ ಓದುತ್ತಿರುತ್ತೇನೆ, ಮುಗಿದರೆ ಮೊದಲಿನಿಂದ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ತಾವೂ ಹೇಳಬೇಡಿ.