ಸಂಜೀವಯ್ಯನ ಸರ್ವಾಂಗ ಸುಧಾರಣೆ

ಎಲ್ಲಕ್ಕೂ ಕಾರಣ ಒಂದು ಗ್ರೂಪ್ ಫೋಟೋ.

ಆಫೀಸಿನ ಹಿರಿಯ ಗುಮಾಸ್ತರೊಬ್ಬರ ಬೀಳ್ಕೊಡುಗೆಯಲ್ಲಿ ತೆಗೆದದ್ದು. ಶನಿವಾರ ಮಧ್ಯಾಹ್ನ ಅದರ ಪ್ರತಿ ಕೈಗೆ ಬಂದಾಗ ಸಂಜೀವಯ್ಯ ಎಲ್ಲರಂತೆ ಮೊದಲು ತನ್ನನ್ನೇ ಹುಡುಕಿಕೊಂಡ. ಫೋಟೋದಲ್ಲಿದ್ದವರೆಲ್ಲ ಕ್ಯಾಮೆರಾ ನೋಡುತ್ತಿದ್ದರು. ಹಿಂದಿನ ಸಾಲಿನ ಕೊನೆಯಲ್ಲಿ ಒಬ್ಬ ಮಾತ್ರ ಬಾಯಿ ಅರ್ಧ ತೆರೆದು, ಬೆನ್ನು ಬಾಗಿಸಿ, ಹೊಟ್ಟೆಯನ್ನು ತನಗಿಂತ ಮುಂದಾಗಿ ಕಳಿಸಿ, ಪಕ್ಕದ ಮೇಜಿನ ಬೋಂಡಾ ತಟ್ಟೆಯನ್ನೇ ನೋಡುತ್ತಿದ್ದ. ಅಂಗಿಗೆ ನಡುವಿನ ಗುಂಡಿ ಇರಲಿಲ್ಲ.

ಜಯನಗರದ ಬಸ್ಸಿನಲ್ಲಿ ನೇತಾಡುತ್ತ ಬರುವಾಗ ಅವನು ಆ ಫೋಟೋವನ್ನೇ ಮತ್ತೆ ಮತ್ತೆ ತೆಗೆದು ನೋಡಿದ. ಹೊಟ್ಟೆಯೊಂದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಸ್ವೆಟರಿನ ಒಂದು ಎಳೆ ಹಿಡಿದೆಳೆದರೆ ಇಡೀ ತೋಳೇ ಬಿಚ್ಚಿಕೊಳ್ಳುವ ಹಾಗೆ ಒಂದರ ಹಿಂದೆ ಒಂದು ಹೊರಬಂತು. ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರುವುದಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಹೇಳಿದ್ದು ನೆನಪಿರುವುದಿಲ್ಲ. ತನ್ನ ನಂತರ ಸೇರಿದವರು ಬಡ್ತಿ ಪಡೆದು ಗಾಜಿನ ಕೋಣೆ ಸೇರಿದ್ದಾರೆ. ಹೆಂಡತಿಯನ್ನು ಎಲ್ಲಿಗಾದರೂ ಹೇಳಿದ ಹೊತ್ತಿಗೆ ಕರೆದುಕೊಂಡು ಹೋದದ್ದುಂಟೇ? ನಲವತ್ತೆರಡು ವರ್ಷ ತಾನು ಮಾಡಿದ್ದೇನು? ಬೋಂಡಾ ನೋಡಿದ್ದು.

ಸಂಜೆ ಹೆಂಡತಿ ನಾಗಲಕ್ಷ್ಮಮ್ಮನಿಗೆ ಹೇಳಿದ. "ನಾಳೆಯಿಂದ ನಾನು ಬೇರೆ ಮನುಷ್ಯ ಆಗ್ತೀನಿ ಕಣೆ."

"ಯಾವ ಥರ?"

"ಎಲ್ಲಾ ಥರದಲ್ಲೂ."

ನಾಗಲಕ್ಷ್ಮಮ್ಮ ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. "ಹಂಗಾದ್ರೆ ನಾಳೆ ನನ್ ತಂಗಿ ಮಗೂಗೆ ನಾಮಕರಣ ಇದೆ. ಹತ್ತು ಗಂಟೆ ಬಸ್ಸಿಗೆ ವಿಲ್ಸನ್ ಗಾರ್ಡನ್ನಿಗೆ ಹೊರಡೋಣ. ಅಷ್ಟು ಮಾಡಿ, ಸಾಕು. ಹೋದ್ಸಲ ಅವಳ ಸೀಮಂತಕ್ಕೆ ನಾವು ಹೋಗೋ ಹೊತ್ಗೆ ಚಪ್ಪರ ಬಿಚ್ತಾ ಇದ್ರು. ಅವಳಿನ್ನೂ ಮರ್ತಿಲ್ಲ. ನಾನೂ ಮರ್ತಿಲ್ಲ."

ಕೊನೆಯ ಮಾತು ಅವನಿಗೆ ಚುಚ್ಚಿತು. "ಖಂಡಿತ" ಎಂದ. ಹೇಳಿದ ಹೊತ್ತಿಗೆ ಹೋಗುವುದೂ ಸುಧಾರಣೆಯೇ ತಾನೆ.

ನಾಗಲಕ್ಷ್ಮಮ್ಮ ನೀರು ಹಿಡಿಯುವಾಗ ಈ ವಿಷಯವನ್ನು ಎದುರುಮನೆಯ ಕೆಂಪಕ್ಕನಿಗೆ ಹೇಳಿದಳು. ಕೆಂಪಕ್ಕನಿಗೆ ಹೇಳುವುದೂ ಆಕಾಶವಾಣಿಗೆ ಕೊಡುವುದೂ ಒಂದೇ.

ಭಾನುವಾರ ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಮೂಲೆಮನೆಯ ಶಾಮಣ್ಣನವರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ನಿವೃತ್ತರಾದ ಮೇಲೂ ಡ್ರಿಲ್ ಬಿಟ್ಟಿರಲಿಲ್ಲ, ಮಾಡಿಸಲು ಜನ ಸಿಕ್ಕಿರಲಿಲ್ಲ ಅಷ್ಟೆ. ಒಂದು ಕೈಯಲ್ಲಿ ಖಾಕಿ ಚಡ್ಡಿ, ಇನ್ನೊಂದರಲ್ಲಿ ಮರದ ಉದ್ದನೆಯ ರೂಲುಕೋಲು.

"ಹಾಕ್ಕೊಳ್ರಿ" ಎಂದರು.

"ಸಾರ್, ನಾನು ನಿಧಾನಕ್ಕೆ ಶುರು ಮಾಡೋಣ ಅಂತ…"

"ನಿಧಾನಕ್ಕೆ ಮಾಡಿದ್ದಕ್ಕೇ ಹಿಂಗಾಗಿರೋದು."

ಲಾಲ್‌ಬಾಗಿನ ಪಶ್ಚಿಮ ಗೇಟಿನವರೆಗೆ ಓಡುತ್ತ ಹೋಗಿ ಓಡುತ್ತ ಬಂದರು. ಓಡುತ್ತ ಹೋದವರು ಇಬ್ಬರು. ಬರುವಾಗ ಓಡಿದವರು ಶಾಮಣ್ಣ ಒಬ್ಬರೇ. ಸಂಜೀವಯ್ಯ ಹಾಲಿನ ಬೂತಿನ ಕಂಬ, ಅಂಚೆಪೆಟ್ಟಿಗೆ, ಯಾರದೋ ಕಾಂಪೌಂಡು, ಹೀಗೆ ಸಿಕ್ಕಿದ್ದನ್ನೆಲ್ಲ ಅಪ್ಪಿಕೊಳ್ಳುತ್ತ ಮನೆ ಸೇರಿದ. ಗೇಟಿನ ಬಳಿ ಶಾಮಣ್ಣ ರೂಲುಕೋಲನ್ನು ಅವನ ಬನಿಯನ್ನಿನೊಳಗೆ ಬೆನ್ನಿಗೆ ಸೇರಿಸಿ, ಟವೆಲ್ಲಿನಿಂದ ಬಿಗಿದು ಕಟ್ಟಿದರು.

"ಗೂನು ಹೋಗ್ಬೇಕು ಅಂದ್ರೆ ಇದು ಸಂಜೆ ತನಕ ಇರ್ಬೇಕು. ಗಂಟು ಹಿಂದಗಡೆ ಇದೆ. ನಿಮ್ಮ ಕೈಗೆ ಸಿಗಲ್ಲ. ಬೇಕೂ ಅಂತ್ಲೇ ಅಲ್ಲಿ ಹಾಕಿದೀನಿ."

ಒಳಗೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ಯಲ್ಲಯ್ಯ ಹಿತ್ತಾಳೆ ಚೊಂಬು ಹಿಡಿದು ನಿಂತಿದ್ದ. ಅವನದು ಪ್ರಕೃತಿ ಚಿಕಿತ್ಸೆ. ತಲೆನೋವು, ಸಾಲ, ಸೊಸೆಯ ಸಿಡುಕು, ಎಲ್ಲದಕ್ಕೂ ಮೂಲ ಹೊಟ್ಟೆ ಎಂದು ಅವನ ಸಿದ್ಧಾಂತ.

"ಹಾಗಲಕಾಯಿ, ಬೇವಿನಸೊಪ್ಪು, ಇನ್ನೊಂದು ಬೇರು. ಬೇರಿನ ಹೆಸರು ಕೇಳ್ಬೇಡಿ. ಒಂದೇ ಗುಟುಕು."

ಸಂಜೀವಯ್ಯ ಕುಡಿದ. ಅವನ ಮುಖ ಹಿಂಡಿದ ಒದ್ದೆಬಟ್ಟೆಯ ಹಾಗಾಯಿತು.

"ಈಗ ಸಿಟ್ಟಿನ ವಿಷಯ" ಎಂದ ಯಲ್ಲಯ್ಯ. "ಸಿಟ್ಟು ಬರೋದು ನಾಲಿಗೆಯಿಂದ. ಸೂರ್ಯ ಮುಳುಗೋ ತನಕ ಮೌನ ವ್ರತ. ಒಂದು ಮಾತು ಆಡಿದ್ರೂ ಈ ರಸ ಉಲ್ಟಾ ಹೊಡೆಯುತ್ತೆ, ನೋಡ್ಕೊಳ್ಳಿ."

ಸಂಜೀವಯ್ಯ ಗಾಬರಿಯಿಂದ ತಲೆಯಾಡಿಸಿದ. ಆಗಲೇ ಮಹಡಿಮನೆಯ ಸತ್ಯಭಾಮಾ ಮೇಡಂ ಮೆಟ್ಟಿಲ ಮೇಲಿಂದ ಕರೆದರು. ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದವರು. ಈಗ ಮುಂದಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಟ್ಯೂಷನ್.

"ಮಿಸ್ಟರ್ ಸಂಜೀವಯ್ಯ, ಕಮ್ ಅಪ್. ಇವತ್ತು ಇಡೀ ದಿನ ಇಂಗ್ಲಿಷ್ ಮಾತ್ರ. ಕನ್ನಡದಲ್ಲಿ ಒಂದಕ್ಷರ ಆಡಕೂಡದು."

ಮೆಟ್ಟಿಲು ಹತ್ತುತ್ತ ಅವನು ಯೋಚಿಸಿದ. ಮಾತಾಡಿದರೆ ರಸ ತಿರುಗಿಬೀಳುತ್ತದೆ. ಆಡದಿದ್ದರೆ ಇಂಗ್ಲಿಷು ಬರುವುದಿಲ್ಲ. ಯಲ್ಲಯ್ಯನಿಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ವ್ರತ ಕನ್ನಡಕ್ಕೆ ಮಾತ್ರ ಅನ್ವಯವಾಗಬೇಕು ಎಂದು ತೀರ್ಮಾನಿಸಿದ. ಗುಮಾಸ್ತಿಕೆ ಮಾಡಿದವನಿಗೆ ನಿಯಮದಲ್ಲಿ ಸಂದು ಹುಡುಕುವುದು ಕಷ್ಟವಲ್ಲ.

ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗೆ ಲಾರಿ ಗೇರು ಬದಲಾಯಿಸಿದ ಸದ್ದಾಯಿತು.

"ಮೇಡಂ" ಎಂದು ಅವನು ಎದ್ದು ನಿಂತ. "ಐ… ಐ ವಾಂಟ್…"

"ವೆರಿ ಗುಡ್. ಯೂ ವಾಂಟ್ ವಾಟ್?"

"ಐ ವಾಂಟ್ ಗೋ."

"ಟು ಗೋ. ವೇರ್ ಡು ಯೂ ವಾಂಟ್ ಟು ಗೋ? ಕಂಪ್ಲೀಟ್ ದಿ ಸೆಂಟೆನ್ಸ್."

ಸಂಜೀವಯ್ಯನ ಹಣೆಯಲ್ಲಿ ಬೆವರು ಹನಿಗಟ್ಟಿತು. ಆ ಸ್ಥಳಕ್ಕೆ ಹೆಂಗಸರ ಮುಂದೆ ಹೇಳಬಹುದಾದ ಇಂಗ್ಲಿಷ್ ಪದ ಅವನಿಗೆ ಹೊಳೆಯಲೇ ಇಲ್ಲ. "ಡೌನ್, ಮೇಡಂ. ವೆರಿ ಡೌನ್" ಎಂದವನೇ ಮೆಟ್ಟಿಲಿಳಿದು ಓಡಿದ. ಆ ಬೆಳಗ್ಗೆ ಶಾಮಣ್ಣನವರು ನಿರೀಕ್ಷಿಸಿದ್ದ ವೇಗ ಅದೇ ಆಗಿತ್ತು.

ಅವನು ಹಿತ್ತಲಿನಿಂದ ಹೊರಬಂದಾಗ ನಾಗಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು, ಮಗುವಿಗೆ ತೆಗೆದಿಟ್ಟಿದ್ದ ಬೆಳ್ಳಿ ಉಡಿದಾರವನ್ನು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು.

"ಮಾರ್ಕೆಟ್ ಕಾಂಪ್ಲೆಕ್ಸಿಗೆ ಹೋಗಿ ವೀಳ್ಯದೆಲೆ, ಬಾಳೆಹಣ್ಣು ತಂದ್ಬಿಡಿ. ಬರಿಗೈಲಿ ಹೋಗಕ್ಕಾಗಲ್ಲ. ಬಂದು ಪಂಚೆ ಉಟ್ಕೊಳ್ಳಿ, ಹೊರಟ್ಬಿಡೋಣ." ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ ಹಂಗೆ ಕಂಬದ ಥರ ನಿಂತಿದೀರಿ? ಹುಷಾರಿಲ್ವಾ?"

ಸಂಜೀವಯ್ಯ ಬಾಯಿಗೆ ಬೆರಳಿಟ್ಟು, ಆಕಾಶ ತೋರಿಸಿ, ಸೂರ್ಯ ಮುಳುಗುವುದನ್ನು ಕೈಯಲ್ಲಿ ಅಭಿನಯಿಸಿ, ಹೊಟ್ಟೆ ಮುಟ್ಟಿಕೊಂಡ. ನಾಗಲಕ್ಷ್ಮಮ್ಮನಿಗೆ ಏನೂ ಅರ್ಥವಾಗಲಿಲ್ಲ. "ಬೇಗ ಬನ್ನಿ" ಎಂದಳು, ಅಷ್ಟೆ. ದನಿಯಲ್ಲಿ ಸಿಟ್ಟಿರಲಿಲ್ಲ, ಇವತ್ತಾದರೂ ಎಂಬ ಬೇಡಿಕೆಯಿತ್ತು. ಅದನ್ನು ಕೇಳಿ ಅವನಿಗೆ ಇನ್ನೂ ದಿಗಿಲಾಯಿತು.

ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹೊರಗೆ ಎಲೆ, ಸೊಪ್ಪು ಮಾರುವ ಮುದುಕಿ ಬಸವಲಿಂಗಮ್ಮನ ಮುಂದೆ ಅವನು ಅಂಗೈ ಅಗಲಿಸಿ ಎಲೆಯ ಆಕಾರ ತೋರಿಸಿದ. ಆಮೇಲೆ ಸುಣ್ಣ ಹಚ್ಚಿದ. ಮಡಚಿದ. ಬಾಯಿಗೆ ಹಾಕಿಕೊಂಡು ಅಗಿದ.

"ಪಾಪ, ಮೂಗ" ಎಂದಳು ಮುದುಕಿ ಪಕ್ಕದವಳಿಗೆ. "ಹೊಟ್ಟೆ ಹಸಿದೈತೆ ಅಂತಾನೆ." ಒಂದು ಕಟ್ಟು ಮೂಲಂಗಿಯನ್ನು ಅವನ ಕೈಚೀಲಕ್ಕೆ ಹಾಕಿದಳು. ಅವನು ಬೇಡವೆಂದು ಕೈಯಾಡಿಸಿದಾಗ, "ಕಮ್ಮಿ ಆಯ್ತಾ ನನ್ನಪ್ಪಾ" ಎಂದು ಇನ್ನೊಂದು ಕಟ್ಟು ಹಾಕಿದಳು.

ಅಷ್ಟರಲ್ಲಿ ಬೆನ್ನ ಹಿಂದೆ ಪರಿಚಯದ ದನಿ ಕೇಳಿಸಿತು. ತರಕಾರಿಗೆ ಬಂದಿದ್ದ ಸತ್ಯಭಾಮಾ ಮೇಡಂ. "ಮಿಸ್ಟರ್ ಸಂಜೀವಯ್ಯ, ಹೌ ಆರ್ ಯೂ ಫೀಲಿಂಗ್ ನೌ?"

"ಐ ಆಮ್ ಫೈನ್, ಥ್ಯಾಂಕ್ ಯೂ ಮೇಡಂ" ಎಂದ ಸಂಜೀವಯ್ಯ.

ಬಸವಲಿಂಗಮ್ಮ ತಕ್ಕಡಿ ಕೆಳಗಿಟ್ಟಳು. "ಏನಯ್ಯಾ, ಕನ್ನಡಕ್ಕೆ ಮೂಗ, ಇಂಗ್ಲೀಸಿಗೆ ಬಾಯಿ ಬತ್ತದಾ ನಿಂಗೆ? ಚಡ್ಡಿ ಇಕ್ಕೊಂಡು ಮುದುಕಿ ತಾವ ನಾಟ್ಕ ಆಡ್ತೀಯಾ?"

ಜನ ಸೇರಿದರು. ಏನು ಹೇಳಬೇಕಾದರೂ ಕನ್ನಡದಲ್ಲಿ ಹೇಳಬೇಕು. ಕನ್ನಡ ಆಡಿದರೆ ಹೊಟ್ಟೆಯ ಗತಿ ಏನು? ಬೆಳಗಿನ ಅನುಭವ ಇನ್ನೂ ಹಸಿಯಾಗಿತ್ತು. ಅವನು "ಸಾರಿ, ಸಾರಿ" ಎನ್ನುತ್ತ, ಅವಳ ಕೈಗೆ ಸಿಕ್ಕಷ್ಟು ಚಿಲ್ಲರೆ ತುರುಕಿ, ರೂಲುಕೋಲಿನಿಂದಾಗಿ ಬಗ್ಗಲೂ ಆಗದೆ ಕವಾಯತಿನ ಸಿಪಾಯಿಯ ಹಾಗೆ ನೆಟ್ಟಗೆ ಹೆಜ್ಜೆ ಹಾಕಿದ. ಜನರಿಗೆ ಅದು ಸೊಕ್ಕಿನಂತೆ ಕಂಡಿತು. ಗದ್ದಲ ಬಿಡಿಸಿಕೊಂಡು ಮನೆ ತಲುಪಿದಾಗ ಬಾಗಿಲಿಗೆ ಬೀಗ ಬಿದ್ದಿತ್ತು.

ಕೆಂಪಕ್ಕ ಕಿಟಕಿಯಿಂದ ಹೇಳಿದಳು. "ತುಂಬಾ ಹೊತ್ತು ಕಾದ್ಳಪ್ಪಾ. ಆಮೇಲೆ ಒಬ್ಳೇ ಹೋದ್ಲು. ಏನೂ ಅನ್ಲಿಲ್ಲ."

ಏನೂ ಅನ್ನಲಿಲ್ಲ ಎಂಬುದನ್ನೇ ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪಂಚೆ ಒಳಗಿತ್ತು, ಚಡ್ಡಿಯಲ್ಲಿ ನಾಮಕರಣಕ್ಕೆ ಹೋಗುವಂತಿಲ್ಲ. ಬೀದಿಯ ಆ ತುದಿಯಲ್ಲಿ ಶಾಮಣ್ಣ, ಈ ತುದಿಯಲ್ಲಿ ಚೊಂಬು ಹಿಡಿದ ಯಲ್ಲಯ್ಯ ಕಾಣಿಸಿದರು. ಸಂಜೀವಯ್ಯ ಹಿತ್ತಲ ಗಲ್ಲಿಯಿಂದ ತಪ್ಪಿಸಿಕೊಂಡು, ಮೂರನೇ ಬ್ಲಾಕಿನ ಪಾರ್ಕಿಗೆ ಹೋಗಿ, ಮರದಡಿಯ ಕಲ್ಲುಬೆಂಚಿನ ಮೇಲೆ ಕುಳಿತ.

ಮಧ್ಯಾಹ್ನವೆಲ್ಲ ಅಲ್ಲೇ ಕಳೆಯಿತು. ಹಸಿವೆಗೆ ಒಂದು ಮೂಲಂಗಿ ತಿಂದ. ಒಂದೇ ದಿನದಲ್ಲಿ ಆರೋಗ್ಯ, ಇಂಗ್ಲಿಷು, ಸಮಾಧಾನ, ಸಂಸಾರ ಎಲ್ಲ ಸರಿಮಾಡಿಕೊಳ್ಳಲು ಹೋಗಿ ಇದ್ದ ಸಂಸಾರವೂ ಬಸ್ಸು ಹತ್ತಿ ಹೋಗಿತ್ತು. ಯೋಚಿಸಿ ಯೋಚಿಸಿ ಕೊನೆಗೆ ಯೋಚಿಸುವ ಶಕ್ತಿಯೂ ಉಳಿಯದೆ, ಬೆನ್ನು ನೆಟ್ಟಗೆ, ಕಣ್ಣು ಅರ್ಧ ಮುಚ್ಚಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದ.

ಬಿಸಿಲು ಇಳಿದ ಮೇಲೆ ಒಬ್ಬ ದಪ್ಪನೆಯ ಗೃಹಸ್ಥರು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು. ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ಕೂತರು, ಎದ್ದರು, ಮತ್ತೆ ಕೂತರು. ಇವನನ್ನೇ ತುಂಬ ಹೊತ್ತು ನೋಡಿದರು.

"ಕ್ಷಮಿಸ್ಬೇಕು" ಎಂದರು ಕೊನೆಗೆ. "ಆಗಿಂದ ನೋಡ್ತಿದೀನಿ. ಎಷ್ಟು ಶಾಂತವಾಗಿ ಕೂತಿದೀರಿ. ನಾನು ಚಿಕ್ಕಬೈರಪ್ಪ ಅಂತ, ಪದ್ಮನಾಭನಗರದಲ್ಲಿರೋದು. ಹೊಟ್ಟೆಗೆ ಹಾಕಿದ್ದು ಅರಗಲ್ಲ, ಕಣ್ಣಿಗೆ ನಿದ್ದೆ ಇಲ್ಲ. ತೂಕ ಇಳಿಸ್ಬೇಕು, ಸಂಸ್ಕೃತ ಕಲೀಬೇಕು, ಸಿಗರೇಟು ಬಿಡ್ಬೇಕು. ಮನೇದು ಹಾಗಿರ್ಲಿ, ಕೆಲಸದ ಜಾಗದಲ್ಲೂ ಎಲ್ಲಾ ಸರಿ ಮಾಡ್ಬೇಕು ಅಂತ ತಲೆ ತುಂಬಾ ಯೋಜನೆಗಳು. ಎಲ್ಲಿಂದ ಶುರು ಮಾಡ್ಲಿ ಅಂತ ಯೋಚ್ನೆ ಮಾಡಿದ್ರೇ ಕೂತಲ್ಲಿ ಕೂರಕ್ಕಾಗಲ್ಲ, ನೋಡಿ."

ಹೇಳುತ್ತಲೇ ಮತ್ತೊಮ್ಮೆ ಎದ್ದು ಕೂತರು. ಸಂಜೀವಯ್ಯನಿಗೆ ಕನಿಕರ ಉಕ್ಕಿತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಏನಾದರಾಗಲಿ ಎಂದು ಬಾಯಿ ಬಿಟ್ಟ. ಹೊಟ್ಟೆಗೆ ಏನೂ ಆಗಲಿಲ್ಲ. ಅದರಿಂದ ಅವನಿಗೆ ಧೈರ್ಯ ಬಂತು.

"ಸಾರ್, ನನ್ನ ಮಾತು ಕೇಳಿ. ಏನೂ ಮಾಡ್ಬೇಡಿ."

"ಏನೂ?"

"ಏನೂ. ಮನೆಗೆ ಹೋಗಿ ಊಟ ಮಾಡಿ ಮಲ್ಕೊಳ್ಳಿ. ನಾನು ಇವತ್ತು ಎಲ್ಲಾ ಮಾಡಿ ನೋಡಿದೀನಿ. ಅನುಭವದಿಂದ ಹೇಳ್ತಿದೀನಿ."

"ಆದ್ರೆ ಆ ಕೆಲಸಗಳು ಆಗ್ಬೇಕಲ್ಲ?"

"ಆಗ್ಲೇಬೇಕು ಅಂತಿದ್ರೆ ಮಾಡಕ್ಕೆ ಯಾವನಾದ್ರೂ ಒಬ್ಬ ಸಿಕ್ಕೇ ಸಿಗ್ತಾನೆ. ಎಲ್ಲಾ ಅವನ ತಲೆಗೆ ಕಟ್ಟಿ ನೀವು ಹಾಯಾಗಿರಿ."

ಚಿಕ್ಕಬೈರಪ್ಪನವರ ಮುಖದ ಗಂಟುಗಳು ಒಂದೊಂದಾಗಿ ಸಡಿಲಾದವು. ಅವರು ಇವನ ಎರಡೂ ಕೈ ಹಿಡಿದುಕೊಂಡರು. ಹೋಗುವ ಮುನ್ನ, ಸಂಜೀವಯ್ಯ ಕೇಳಿಕೊಂಡಂತೆ, ಅವನ ಬೆನ್ನಿನ ಗಂಟನ್ನೂ ಬಿಚ್ಚಿಕೊಟ್ಟರು. ಗೌರವದಿಂದಾಗಿ, ಯಾಕೆ ಕಟ್ಟಿದ್ದು ಎಂದು ಕೇಳಲಿಲ್ಲ.

ಕತ್ತಲಾಗುವ ಹೊತ್ತಿಗೆ ಸಂಜೀವಯ್ಯ ಅಳುಕುತ್ತ ಮನೆಗೆ ಬಂದ. ನಾಗಲಕ್ಷ್ಮಮ್ಮ ಬಂದಿದ್ದಳು. ಅವನನ್ನು ನೋಡಿ, ಮೂಲಂಗಿ ನೋಡಿ, ತಟ್ಟೆ ಹಾಕಿದಳು. ತಂಗಿಯ ಮನೆಯಿಂದ ಡಬ್ಬಿಯಲ್ಲಿ ತಂದಿದ್ದ ಹೋಳಿಗೆ ಬಡಿಸಿದಳು.

"ತಪ್ಪಾಯ್ತು ಕಣೆ" ಎಂದ.

"ನೀವು ಬೇರೆ ಮನುಷ್ಯ ಆಗೋದೇನೂ ಬೇಡ" ಎಂದಳು ನಾಗಲಕ್ಷ್ಮಮ್ಮ. "ಈಗಿರೋ ಮನುಷ್ಯನ್ನ ಅರ್ಥ ಮಾಡ್ಕೊಳ್ಳೋಕೇ ಇಷ್ಟು ವರ್ಷ ಆಯ್ತು ನಂಗೆ. ತಿನ್ನಿ."

ಆ ರಾತ್ರಿ ಸಂಜೀವಯ್ಯ ಮಗುವಿನಂತೆ ನಿದ್ದೆ ಹೋದ. ಸೋಮವಾರ ಶಾಮಣ್ಣ ಬಾಗಿಲು ಬಡಿದರೂ ಏಳಲಿಲ್ಲ. ಎಂದಿನಂತೆ ತಡವಾಗಿ, ಎಂದಿನಂತೆ ಬೆನ್ನು ಬಾಗಿಸಿ, ಎದೆಯ ಮೇಲಿನ ಬಂಡೆ ಇಳಿದವನ ಹಾಗೆ ಆಫೀಸಿಗೆ ಹೋದ. ಏನೂ ಮಾಡಬೇಕಾಗಿಲ್ಲ ಎಂಬುದು ಎಂಥ ಸುಖ ಎಂದುಕೊಂಡ.

"ಹೊಸ ಸೂಪರಿಂಟೆಂಡೆಂಟು ಇವತ್ತು ಚಾರ್ಜ್ ತಗೊಂಡ್ರು" ಎಂದು ಪಕ್ಕದ ಮೇಜಿನ ಹನುಮಯ್ಯ ಪಿಸುಗುಟ್ಟಿದ. "ತುಮಕೂರಿಂದ ಟ್ರಾನ್ಸ್‌ಫರ್ ಆಗಿ ಬಂದವ್ರು. ಭಾರೀ ಸ್ಟ್ರಿಕ್ಟು, ಇಡೀ ಆಫೀಸ್ ರಿಪೇರಿ ಮಾಡ್ತಾರೆ ಅಂತ ಹೆದರ್ಸಿದ್ರು. ನೋಡಿದ್ರೆ ಕುರ್ಚಿಗೆ ಒರಗಿ ನಗ್ತಾ ಕೂತಿದಾರೆ. ಹಾಜರಿ ನೋಡುವಾಗ ಬಾಗಿಲಲ್ಲಿ ನೀನು ಬಂದಿದ್ದು ಕಣ್ಣಿಗೆ ಬಿತ್ತು ಅನ್ಸುತ್ತೆ. ಕರೀತಿದಾರೆ ಹೋಗು."

ಗಾಜಿನ ಕೋಣೆಯ ಬಾಗಿಲು ತಳ್ಳಿದಾಗ ಕುರ್ಚಿಯಿಂದ ಚಿಕ್ಕಬೈರಪ್ಪನವರು ಎದ್ದು ಬಂದರು. ಮುಖ ಚೆನ್ನಾಗಿ ನಿದ್ದೆಯಾದವರ ಮುಖ.

"ನೀವು ಇದೇ ಆಫೀಸು ಅಂತ ಗೊತ್ತೇ ಇರ್ಲಿಲ್ಲ. ನಂಗೆ ದೇವರು ಸಿಕ್ಕ ಹಾಗಾಯ್ತು" ಎಂದು ಅವನ ಕೈ ಹಿಡಿದು, ಮೇಜಿನ ಮೇಲೆ ಕತ್ತಿನೆತ್ತರಕ್ಕೆ ಪೇರಿಸಿಟ್ಟಿದ್ದ ಫೈಲುಗಳ ಮುಂದೆ ನಿಲ್ಲಿಸಿದರು. "ರೆಕಾರ್ಡ್ ರೂಮು, ಟೈಪಿಂಗ್ ಸೆಕ್ಷನ್ನು, ಕ್ಯಾಂಟೀನು, ಸಿಬ್ಬಂದಿಯ ಶಿಸ್ತು, ಎಲ್ಲಾ ಸುಧಾರಣೆಯೂ ಇದ್ರಲ್ಲಿದೆ. ವರ್ಷದೊಳಗೆ ಆಗ್ಲೇಬೇಕು ಅಂತ ಮೇಲಿನವರ ಆರ್ಡರು."

"ಸಾರ್, ಇದು…"

"ನೀವು ಹೇಳಿದ ಹಾಗೇ ಮಾಡ್ತಿದೀನಿ" ಎಂದು ಚಿಕ್ಕಬೈರಪ್ಪನವರು ಮೊದಲ ಕಟ್ಟನ್ನೆತ್ತಿ ಸಂಜೀವಯ್ಯನ ಕೈಮೇಲಿಟ್ಟರು. "ಒಬ್ಬ ಸಿಕ್ಕೇ ಸಿಗ್ತಾನೆ ಅಂದ್ರಲ್ಲ. ಸಿಕ್ಕ."